ಟಕ್ಸೀಡೊ ಅರ್ಚಿನ್ ಮುಳ್ಳು ಉದುರಿಸುತ್ತಿದೆ, ನೀರೆಲ್ಲ ಸರಿ ಇದೆ, ಬೇಗ ಹೇಳಿ

ಕಿನ್ನಿಮೂಲ್ಕಿ_ರೀಫ್ · ಜುಲೈ 18, ರಾತ್ರಿ 11:10
ತಲೆ ಕೆಟ್ಟು ಹೋಗಿದೆ. ಎಂಟು ತಿಂಗಳು ಹಾಯಾಗಿ ಗಾಜಿನ ಪಾಚಿ ಕೆರೆಯುತ್ತಿದ್ದ ಅರ್ಚಿನ್ (ಮೈತುಂಬ ಮುಳ್ಳಿನ, ಚೆಂಡಿನಂಥ ಕಡಲ ಜೀವಿ) ಕಳೆದ ವಾರ ಸತ್ತಿತು. ಸದಾ ತಲೆ ಮೇಲೆ ಒಂದು ಚಿಪ್ಪು ಹೊತ್ತು ತಿರುಗುತ್ತಿತ್ತು, ಮಗಳು ‘ಮುಟ್ಟಾಳೆ’ (ಅಡಿಕೆ ಹಾಳೆಯ ಟೊಪ್ಪಿ) ಎಂದು ಹೆಸರಿಟ್ಟಿದ್ದಳು. ಅವಳು ಅತ್ತದ್ದು ನೋಡಲಾರದೆ ಮೂರು ದಿನದ ಹಿಂದೆ ಇನ್ನೊಂದು ತಂದೆ. ಈಗ ಅದರ ಮುಳ್ಳೂ ಮರಳಿನ ಮೇಲೆ ಬಿದ್ದಿದೆ. ಒಂದು ಕಡೆ ಬೋಳು. ಗಾಜು ಹತ್ತಿಸಿದರೆ ಹಿಡಿತ ಬಿಟ್ಟು ಬೀಳುತ್ತದೆ.

3 ಅಡಿಯ ಉಪ್ಪುನೀರಿನ ಟ್ಯಾಂಕ್, ಸಂಪ್ (ಕೆಳಗಿನ ಫಿಲ್ಟರ್ ತೊಟ್ಟಿ) ಉಂಟು, ಕೊಳೆಯನ್ನು ನೊರೆ ಮಾಡಿ ತೆಗೆಯುವ ಸ್ಕಿಮ್ಮರ್ ಉಂಟು. ಅಮೋನಿಯಾ 0, ನೈಟ್ರೈಟ್ 0, ನೈಟ್ರೇಟ್ 10, ಉಷ್ಣತೆ 26. ಉಪ್ಪು ಎಲ್ಲ ಸರಿ ಇದೆ. ಕ್ಲೌನ್ ಮೀನಿನ ಜೋಡಿ ಚೆನ್ನಾಗಿ ತಿನ್ನುತ್ತಿವೆ. ಅಂಗಡಿಯವನು ಸಾಯುವ ಮಾಲು ದಾಟಿಸಿದನಾ?

ಸಂಪ್_ಭಟ್ರು · 11:24
ತಾಮ್ರ. ಬೇರೆ ಮಾತೇ ಇಲ್ಲ. ಮೀನಿನ ಬಿಳಿ ಚುಕ್ಕೆ ರೋಗಕ್ಕೆ ಎಂದಾದರೂ ಈ ಟ್ಯಾಂಕಿಗೆ ತಾಮ್ರದ ಔಷಧ ಹಾಕಿದ್ದೀರಾ? ಕಲ್ಲು ತಾಮ್ರವನ್ನು ಹೀರಿಕೊಂಡು ಆಮೇಲೆ ತಿಂಗಳುಗಟ್ಟಲೆ ಬಿಡುತ್ತಾ ಇರುತ್ತದೆ. ಮೀನು ತಡೆದುಕೊಳ್ಳುತ್ತದೆ, ಅರ್ಚಿನ್ ತಡೆಯುವುದಿಲ್ಲ.

ಕಿನ್ನಿಮೂಲ್ಕಿ_ರೀಫ್ · 11:31
ಔಷಧ ಹಾಕಿಲ್ಲ ಭಟ್ರೆ.

ಸಂಪ್_ಭಟ್ರು · 11:33
ಹಿತ್ತಾಳೆ ನಲ್ಲಿ? ಬಾವಿ ಪಂಪಿನ ಫುಟ್‌ವಾಲ್ವ್? ಆವಿಯಾದದ್ದಕ್ಕೆ ಯಾವ ನೀರು ತುಂಬಿಸುತ್ತೀರಿ?

ಕಿನ್ನಿಮೂಲ್ಕಿ_ರೀಫ್ · 11:36
ಆರ್‌ಒ. ಅಡುಗೆಮನೆಯದು.

ಸಂಪ್_ಭಟ್ರು · 11:38
ಅದರ ಮೈಮೇಲೆ ‘ಕಾಪರ್’ ಎಂದು ಬರೆದಿದೆಯಾ ನೋಡಿ. ಈಗ ಕುಡಿಯುವ ನೀರಿಗೆ ಬೇಕೆಂದೇ ತಾಮ್ರ ಸೇರಿಸುವ ಮೆಷಿನ್ ಮಾರುತ್ತಾರೆ.

ಕಿನ್ನಿಮೂಲ್ಕಿ_ರೀಫ್ · 11:45
ಎಂತ ಸಾವು ಮಾರಾಯ್ರೆ. ಬರೆದಿದೆ. ಆದರೆ ಆ ಮೆಷಿನ್ ಬಂದು ಒಂದೂವರೆ ವರ್ಷ ಆಯಿತು. ಮೊದಲನೆಯ ಅರ್ಚಿನ್ ಇದೇ ನೀರಲ್ಲಿ ಎಂಟು ತಿಂಗಳು ಬದುಕಿತ್ತಲ್ಲ?

ಸಂಪ್_ಭಟ್ರು · 11:47
ಆವಿಯಾಗುವುದು ನೀರು ಮಾತ್ರ, ತಾಮ್ರ ಅಲ್ಲ. ಹನಿ ಹನಿ ಸೇರಿ ಈಗ ಮಿತಿ ದಾಟಿದೆ. ನಾಳೆಯೇ ಟೆಸ್ಟ್ ಕಿಟ್ ತನ್ನಿ.

ಕೊಟ್ಟಾರ_ಕ್ಲೌನ್ · ಜುಲೈ 19, ಬೆಳಿಗ್ಗೆ 7:50
3 ಅಡಿಯಲ್ಲಿ ಅರ್ಚಿನ್ ಇಟ್ಟರೆ ಹೀಗೇ. ನನ್ನದು 6 ಅಡಿ, ಚಿಲ್ಲರ್ (ನೀರು ತಣ್ಣಗಿಡುವ ಮೆಷಿನ್), ಎರಡು ವೇವ್ ಮೇಕರ್, ಅಳತೆ ಎಲ್ಲ ಫೋನಿಗೆ ಬರುತ್ತದೆ. ಉದ್ದ ಮುಳ್ಳಿನ ಡಯಾಡೆಮಾ ಅರ್ಚಿನ್ ಎರಡು ವರ್ಷದಿಂದ ಉಂಟು. ಪರಿಚಯದವರು ದ್ವೀಪದಿಂದ ಹವಳದ ಗಟ್ಟಿ ತಂದುಕೊಡುತ್ತಾರೆ, ಅದರ ಮೇಲಿನ ಪಾಚಿ ತಿಂದು ದಪ್ಪಗಾಗಿದೆ. ಫೋಟೋ ಹಾಕಲಾ?

ಕಾಪು_ಲೈಟ್‌ಹೌಸ್ · 8:15
ಫೋಟೋ ಬೇಡ ಮಾರಾಯ. ಗಟ್ಟಿ ಹವಳ 1972ರ ವನ್ಯಜೀವಿ ಕಾಯ್ದೆಯ ಮೊದಲನೆಯ ಪಟ್ಟಿಯಲ್ಲಿ ಉಂಟು, ಹುಲಿ ಇರುವ ಪಟ್ಟಿ ಅದು. ಮನೆಗೆ ತಂದದ್ದಲ್ಲದೆ ಇಲ್ಲಿ ಬಂದು ಡಂಗುರ ಬೇರೆ.

ಕೊಟ್ಟಾರ_ಕ್ಲೌನ್ · 8:21
ಸತ್ತ ಹವಳ ಅಕ್ಕ.

ಕಾಪು_ಲೈಟ್‌ಹೌಸ್ · 8:24
ಸತ್ತರೂ ಬಿಡುವುದಿಲ್ಲ. ಇರಲಿ, ಅದನ್ನು ಬೇರೆ ಕಡೆ ಜಗಳ ಆಡುವ. ಕಿನ್ನಿಮೂಲ್ಕಿಯವರೇ, “ಉಪ್ಪು ಎಲ್ಲ ಸರಿ” ಅಂದರೆ ಎಷ್ಟು? ಯಾವಾಗ ನೋಡಿದ್ದು? ನೀರು ಬದಲಾಯಿಸುವುದು ಉಪ್ಪು ಕಲಸಿಯಾ, ಕಡಲ ನೀರಾ?

ಕಿನ್ನಿಮೂಲ್ಕಿ_ರೀಫ್ · ಮಧ್ಯಾಹ್ನ 1:05
ಸಾಂದ್ರತೆ 1.025 (ಉಪ್ಪು ಹೆಚ್ಚಿದಷ್ಟೂ ಇದು ಹೆಚ್ಚು). ಮೇ ತಿಂಗಳಲ್ಲಿ ನೋಡಿದ್ದು. ಕಡಲ ನೀರೇ, ಮಲ್ಪೆಯದು. ಎಲ್ಲರೂ ಅದನ್ನೇ ತರುವುದಲ್ವಾ, ಅದಕ್ಕೇ ಬರೆಯಲಿಲ್ಲ. ಈಗ ಮೀನುಗಾರಿಕೆ ರಜೆ, ಬಂದರಲ್ಲಿ ಗಲಾಟೆ ಇಲ್ಲ, ಆರಾಮಾಗಿ ಕ್ಯಾನ್ ತುಂಬಿಸಬಹುದು. ಈ ತಿಂಗಳು ಎರಡು ಸಲ 30% ಬದಲಾಯಿಸಿದೆ.

ಸಂಪ್_ಭಟ್ರು · 1:09
ಬಂದರು! ರಜೆಯಲ್ಲಿ ದೋಣಿಗಳೆಲ್ಲ ಅಲ್ಲೇ ನಿಂತಿರುತ್ತವೆ. ದೋಣಿಯ ತಳಕ್ಕೆ ಪಾಚಿ, ಚಿಪ್ಪು ಹಿಡಿಯದಂತೆ ಬಳಿಯುವ ಬಣ್ಣದಲ್ಲಿ ಎಂತ ಇರುತ್ತದೆ ಗೊತ್ತುಂಟಾ? ತಾಮ್ರ!

ಕಾಪು_ಲೈಟ್‌ಹೌಸ್ · 1:30
ಭಟ್ರೆ, ತಾಮ್ರವನ್ನು ಒಂದು ಗಳಿಗೆ ಕೆಳಗಿಡಿ. ಜುಲೈ ತಿಂಗಳು. ಉದ್ಯಾವರ ಹೊಳೆ ಸೇರುವುದು ಅಲ್ಲೇ ಪಕ್ಕದಲ್ಲಿ. ಹೊರಗೆ ಮಳೆ ನೋಡಿ. ಕ್ಯಾನಿನಲ್ಲಿ ಬಂದದ್ದು ಅರ್ಧ ಹೊಳೆ ನೀರು. ಕ್ಲೌನ್ ಮೀನು ಮೈಯೊಳಗಿನ ಉಪ್ಪನ್ನು ತಾನೇ ಹಿಡಿತದಲ್ಲಿಡುತ್ತದೆ. ಅರ್ಚಿನ್‌ಗೆ ಆ ಶಕ್ತಿ ಇಲ್ಲ, ಹೊರಗಿನ ನೀರು ಹೇಗೋ ಒಳಗೂ ಹಾಗೇ. ಹೊಸದನ್ನು ಟ್ಯಾಂಕಿಗೆ ಹೇಗೆ ಬಿಟ್ಟಿರಿ?

ಕಿನ್ನಿಮೂಲ್ಕಿ_ರೀಫ್ · 1:34
ಚೀಲ 20 ನಿಮಿಷ ತೇಲಿಸಿ ಬಿಟ್ಟೆ. ಮೀನಿಗೆ ಮಾಡುವ ಹಾಗೆ.

ಕಾಪು_ಲೈಟ್‌ಹೌಸ್ · 1:36
ಅದರಿಂದ ಬಿಸಿ ಮಾತ್ರ ಸಮ ಆಗುತ್ತದೆ, ಉಪ್ಪಲ್ಲ. ಸಣ್ಣ ಪೈಪಿನಲ್ಲಿ ಹನಿ ಹನಿ ಬಿಡಬೇಕಿತ್ತು, ಗಂಟೆಗಟ್ಟಲೆ. ಮೊದಲು ಅಳೆಯಿರಿ. ಸೂಚಕ ಕಡ್ಡಿ ತೂಗಾಡುವ ಪ್ಲಾಸ್ಟಿಕ್ ಹೈಡ್ರೋಮೀಟರ್ ಡಬ್ಬಿಯಲ್ಲಿ ಬೇಡ, ಕಡ್ಡಿಗೆ ಒಂದು ಗಾಳಿಗುಳ್ಳೆ ಅಂಟಿದರೂ ಜಾಸ್ತಿ ತೋರಿಸುತ್ತದೆ. ರಿಫ್ರಾಕ್ಟೋಮೀಟರ್ (ಬೆಳಕು ಬಾಗುವುದನ್ನು ನೋಡಿ ಉಪ್ಪು ಅಳೆಯುವ ಉಪಕರಣ) ಸಾಲ ತನ್ನಿ. ಅದನ್ನೂ ಸಾವಿರಕ್ಕೆ 35 ಪಾಲು ಉಪ್ಪಿನ ಅಳತೆಯ ದ್ರಾವಣ ಹಾಕಿ ಸರಿ ಮಾಡಿಕೊಳ್ಳಿ.

ಕೊಟ್ಟಾರ_ಕ್ಲೌನ್ · 2:10
ಮಲ್ಪೆ ನೀರು ಯಾರು ತರುತ್ತಾರೆ? ಪಣಂಬೂರಿನದು ಚೆನ್ನಾಗಿರುತ್ತದೆ.

ಸಂಪ್_ಭಟ್ರು · 2:14
ದೊಡ್ಡ ಬಂದರಿನ ಗೋಡೆ ಪಕ್ಕದ್ದು ಚೆನ್ನಾಗಿರುತ್ತದಾ? ಹಡಗಿನ ತಳಕ್ಕೂ ಬಣ್ಣ ಉಂಟು ಮಾರಾಯ.

ಕೊಟ್ಟಾರ_ಕ್ಲೌನ್ · 2:15
ಉಡುಪಿಯವರಿಗೆ ಮಂಗಳೂರಿನ ಕಡಲೂ ಆಗುವುದಿಲ್ಲ.

ಕಿನ್ನಿಮೂಲ್ಕಿ_ರೀಫ್ · ಜುಲೈ 20, ಸಂಜೆ 6:40
ಮಣಿಪಾಲದ ಗೆಳೆಯನಿಂದ ರಿಫ್ರಾಕ್ಟೋಮೀಟರ್ ತಂದೆ. ಟ್ಯಾಂಕ್ 1.018. ಕ್ಯಾನಿನಲ್ಲಿ ಉಳಿದ ಮಲ್ಪೆ ನೀರು 1.011. ಮೂರು ಸಲ ನೋಡಿದೆ. ನನ್ನ ಮುಖಕ್ಕೆ ನಾನೇ ಹೊಡೆದುಕೊಳ್ಳಬೇಕು. ಈಗಲೇ ಉಪ್ಪು ಸುರಿಯಲಾ?

ಕಾಪು_ಲೈಟ್‌ಹೌಸ್ · 6:52
ಬೇಡವೇ ಬೇಡ! ಒಮ್ಮೆಲೇ ಏರಿಸಿದರೆ ಇದ್ದದ್ದೂ ಹೋಗುತ್ತದೆ. ಆವಿಯಾದ ಜಾಗಕ್ಕೆ ಸಿಹಿನೀರಿನ ಬದಲು ಉಪ್ಪು ಕಲಸಿದ ನೀರು ಹಾಕಿ. ಮಳೆಗಾಲದಲ್ಲಿ ಆವಿ ಕಡಿಮೆ, ಸಾಲದಿದ್ದರೆ ಟ್ಯಾಂಕಿನಿಂದ ಸ್ವಲ್ಪ ತೆಗೆದು ಅಷ್ಟೇ ಹಾಕಿ. ದಿನಕ್ಕೆ 0.001 ಸಾಕು. ಏರಿಸಿದ ಮೇಲೆ ಕ್ಯಾಲ್ಸಿಯಂ, ಆಲ್ಕಲಿನಿಟಿ (ಕ್ಷಾರೀಯತೆ) ಕೂಡ ನೋಡಿ. ಅರ್ಚಿನ್‌ನ ಚಿಪ್ಪು, ಮುಳ್ಳು ಎಲ್ಲ ಸುಣ್ಣವೇ. ಕ್ಯಾಲ್ಸಿಯಂ 400 ಪಿಪಿಎಂ ಮೇಲಿರಲಿ. ಪಾಚಿ ಇಲ್ಲದಿದ್ದರೆ ಒಂದು ತುಂಡು ನೋರಿ (ಒಣಗಿಸಿದ ಕಡಲಪಾಚಿ) ಹಾಳೆ ಕಲ್ಲಿಗೆ ಕಟ್ಟಿಡಿ.

ಸಂಪ್_ಭಟ್ರು · 7:05
ಕಲಸುವುದು ಯಾವ ನೀರಲ್ಲಿ? ಆ ತಾಮ್ರದ ಆರ್‌ಒ ನೀರಲ್ಲಾ?

ಕಿನ್ನಿಮೂಲ್ಕಿ_ರೀಫ್ · 7:20
ಇಲ್ಲ ಭಟ್ರೆ, ಗೆಳೆಯನ ಮನೆಯ ಆರ್‌ಒ ನೀರೇ ತಂದೆ. ನಿಮ್ಮ ಹೆದರಿಕೆಗೆ.

ಕಿನ್ನಿಮೂಲ್ಕಿ_ರೀಫ್ · ಜುಲೈ 28, ರಾತ್ರಿ 9:30
ಈಗ 1.025. ಐದು ದಿನದಿಂದ ಮುಳ್ಳು ಉದುರಿಲ್ಲ. ಬೋಳು ಭಾಗ ಹಾಗೇ ಇದೆ, ಆದರೆ ಗಾಜು ಹಿಡಿಯುತ್ತದೆ. ನೋರಿ ತಿಂದಿತು. ನಿನ್ನೆ ರಾತ್ರಿ ಹೋಗಿ ಒಂದು ಕಪ್ಪೆಚಿಪ್ಪಿನ ಚೂರು ಹೊತ್ತುಕೊಂಡಿದೆ. ಮಗಳನ್ನು ಎಬ್ಬಿಸಿ ತೋರಿಸಿದೆ.

ಸಂಪ್_ಭಟ್ರು · 9:41
ಆರ್‌ಒ ಬದಲಾಯಿಸಿದ ಮೇಲೆ ಸರಿಯಾಯಿತು ನೋಡಿ.

ಕಾಪು_ಲೈಟ್‌ಹೌಸ್ · 9:43
ಭಟ್ರೆ!! ಎರಡನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಯಾಯಿತು ಎಂದು ಹೇಗೆ ಹೇಳುವುದು?

ಸಂಪ್_ಭಟ್ರು · 9:44
ಅದಕ್ಕೇ ಟೆಸ್ಟ್ ಕಿಟ್ ತನ್ನಿ ಅಂದದ್ದು.

ಕೊಟ್ಟಾರ_ಕ್ಲೌನ್ · 10:20
ಯಾರಿಗಾದರೂ ಹಳೆಯ ಚಿಲ್ಲರ್ ಬೇಕಾ? 4 ಅಡಿಗೆ ಸಾಕಾಗುತ್ತದೆ. ನಾನು ದೊಡ್ಡದು ತೆಗೆದೆ.