ಬ್ಲೂ ಹೈಡ್ರೋಜನ್ ನಮ್ಮಲ್ಲಿ ನಿಜವಾಗ್ಲೂ ಅಗ್ಗನಾ?

ಸುರತ್ಕಲ್‌ಹುಡುಗ:
ಸೆಮಿನಾರ್‌ಗೆ ಬ್ಲೂ ಹೈಡ್ರೋಜನ್ ತಗೊಂಡು ಸಿಕ್ಕಾಕೊಂಡಿದೀನಿ. ಗ್ಯಾಸಿಂದ ಹೈಡ್ರೋಜನ್ ತೆಗೆದು, ಬರೋ ಕಾರ್ಬನ್ ಡೈಆಕ್ಸೈಡ್ ಹಿಡಿದು ನೆಲದೊಳಗೆ ತುಂಬೋದು ಗ್ರೀನ್‌ಗಿಂತ (ಸೋಲಾರ್, ಗಾಳಿ ಕರೆಂಟಲ್ಲಿ ನೀರು ಒಡೆದು ತೆಗೆಯೋ ಹೈಡ್ರೋಜನ್) ಅಗ್ಗ ಅಂತ ಓದಿದ್ದರಲ್ಲೆಲ್ಲ ಇದೆ, ಆದ್ರೆ ಲೆಕ್ಕ ಪೂರ್ತಿ ಅಮೆರಿಕಾ ಕೆನಡಾದ್ದು. ಕೊಚ್ಚಿ-ಮಂಗಳೂರು ಗ್ಯಾಸ್ ಪೈಪ್‌ಲೈನ್ 2021ರಲ್ಲೇ ಬಂತಲ್ಲ, ಇಲ್ಲೂ ಅದೇ ಲೆಕ್ಕ ನಡಿಯುತ್ತಾ? ಗೈಡ್ ಕೇಳಿದ್ರೆ "ನೀನೇ ಹುಡ್ಕು" ಅಂದ್ರು.

ಹಳೇರಿಫಾರ್ಮರ್:
ಮೊದ್ಲು ಗ್ಯಾಸ್ ರೇಟ್ ನೋಡು ತಮ್ಮಾ. ಒಂದು ಕೆಜಿ ಹೈಡ್ರೋಜನ್‌ಗೆ ಫೀಡು (ಕಚ್ಚಾ ಮಾಲು), ಫ್ಯೂಯೆಲ್ (ಉರಿಸೋದು) ಎಲ್ಲಾ ಸೇರಿ ಸುಮಾರು 0.16 ಎಂಎಂಬಿಟಿಯು (ಗ್ಯಾಸ್ ಮಾರೋ ಶಾಖದ ಅಳತೆ) ಗ್ಯಾಸ್ ಹೋಗುತ್ತೆ. ಎಂಎಂಬಿಟಿಯುಗೆ 3 ಡಾಲರ್ ಇರೋ ಕಡೆ ಅದು ಅರ್ಧ ಡಾಲರೂ ಆಗಲ್ಲ. ನಮ್ಮ ಪೈಪಲ್ಲಿ ಬರೋದು ಕೊಚ್ಚಿಲಿ ಹಡಗಿಂದ ಇಳಿಸಿದ ಎಲ್‌ಎನ್‌ಜಿ (ತಣ್ಣಗೆ ಮಾಡಿ ದ್ರವ ಮಾಡಿದ ಗ್ಯಾಸ್), 12 ಡಾಲರ್ ಅಂತ ಹಿಡ್ಕೋ, ಬರೀ ಗ್ಯಾಸಿಗೇ 160 ರೂಪಾಯಿ ಮೇಲಾಯ್ತು, ಕಾರ್ಬನ್ ಡೈಆಕ್ಸೈಡ್ ಹಿಡಿಯೋ ಖರ್ಚು ಇನ್ನೂ ಶುರುನೇ ಆಗಿಲ್ಲ.

ರಿಫಾರ್ಮರ್ (ಗ್ಯಾಸಿಂದ ಹೈಡ್ರೋಜನ್ ತೆಗೆಯೋ ಕುಲುಮೆ) ಹತ್ರ ಇಪ್ಪತ್ತು ವರ್ಷ ಶಿಫ್ಟ್ ಡ್ಯೂಟಿ ಮಾಡಿದೀನಿ, ಇಣುಕೋ ಕಿಂಡಿ ತೆಗೆದ್ರೆ ಒಳಗಿನ ಟ್ಯೂಬ್‌ಗಳು ಕೆಂಡದ ಥರ ಕಾಣೋವು, ಆ ಬೆಂಕಿಗೂ ಗ್ಯಾಸೇ. ಶಿಫ್ಟ್ ಕನ್ವರ್ಟರ್ (ಕಾರ್ಬನ್ ಮೊನಾಕ್ಸೈಡನ್ನ ಹಬೆ ಜೊತೆ ಸೇರಿಸಿ ಇನ್ನಷ್ಟು ಹೈಡ್ರೋಜನ್ ಮಾಡೋ ಪಾತ್ರೆ) ದಾಟಿದ ಕಾರ್ಬನ್ ಡೈಆಕ್ಸೈಡ್ ಪ್ರೆಶರಲ್ಲಿರುತ್ತೆ, ಅಮೀನ್ ಅನ್ನೋ ದ್ರಾವಣ ಆರಾಮಾಗಿ ಹಿಡಿಯುತ್ತೆ, ಒಟ್ಟಲ್ಲಿ 60% ಆಸುಪಾಸು ಅದು. ಉಳಿದಿದ್ದು ಚಿಮಣಿ ಹೊಗೆಲಿ ನೈಟ್ರೋಜನ್ ಜೊತೆ ಬೆರೆತು ತೆಳ್ಳಗಾಗಿರುತ್ತೆ, ದುಡ್ಡು ತಿನ್ನೋದು ಅದೇ. ಯಾರಾದ್ರೂ 90% ಹಿಡೀತೀವಿ ಅಂದ್ರೆ "ಚಿಮಣಿ ಸೇರಿಸ್ಕೊಂಡಾ?" ಅಂತ ಕೇಳು. ಕೆನಡಾದ ಕ್ವೆಸ್ಟ್ ಅನ್ನೋ ಕಾರ್ಬನ್ ಹಿಡಿಯೋ ಪ್ರಾಜೆಕ್ಟ್ 2015ರಿಂದ ವರ್ಷಕ್ಕೆ ಸುಮಾರು 10 ಲಕ್ಷ ಟನ್ ನೆಲಕ್ಕೆ ಇಳಿಸ್ತಿದೆ, ಅದೂ ಆ ಸುಲಭದ ಸ್ಟ್ರೀಮಿಂದ, ಸರ್ಕಾರದ ದುಡ್ಡು ಹಾಕಿಸ್ಕೊಂಡು.

ಪಾವಗಡಬಿಸಿಲು:
ಹಂಗಂತ ಗ್ರೀನ್ ಏನ್ ಪುಕ್ಕಟೆ ಬರಲ್ಲ ಸಾರ್. ಕೆಜಿಗೆ 50-55 ಯೂನಿಟ್ ಕರೆಂಟು, ಯೂನಿಟ್‌ಗೆ 3 ರೂಪಾಯಿ ಅಂದ್ರೂ 150-165. ನಮ್ಮೂರ ಸೋಲಾರ್ ಪಾರ್ಕು 2050 ಮೆಗಾವ್ಯಾಟು, ದೊಡ್ಡಪ್ಪನ ಜಮೀನೂ ಲೀಸಿಗೆ ಹೋಗಿದೆ, ಆದ್ರೆ ಹೊತ್ತು ಮುಳುಗಿದ್ರೆ ಮುಗೀತು, ವರ್ಷದ ಸರಾಸರಿ ತೆಗೆದ್ರೆ ಫುಲ್ ಲೋಡಿನ ಕಾಲುಭಾಗ ಅಷ್ಟೇ. ಕೋಟಿಗಟ್ಲೆ ಸುರಿದ ಎಲೆಕ್ಟ್ರೋಲೈಸರ್‌ನ (ನೀರು ಒಡೆಯೋ ಮೆಷಿನ್) ರಾತ್ರಿಯೆಲ್ಲಾ ಸುಮ್ನೆ ಕೂರಿಸಿದ್ರೆ ಬಡ್ಡಿ ಯಾರ್ ಕಟ್ತಾರೆ? ಗಾಳಿ ಕರೆಂಟ್ ಸೇರಿಸ್ಬೋದು, ಮಳೆಗಾಲದಲ್ಲಿ ಚೆನ್ನಾಗಿ ಬರುತ್ತೆ.

ಸುರತ್ಕಲ್‌ಹುಡುಗ:
ಅಯ್ಯೋ ಗ್ಯಾಸ್ ಬಿಲ್ಲೂ ಕರೆಂಟ್ ಬಿಲ್ಲೂ ಹೆಚ್ಚುಕಮ್ಮಿ ಒಂದೇ! ಹಂಗಾದ್ರೆ ಯೂರಿಯಾ ಪ್ಲಾಂಟ್ ಉದಾಹರಣೆ ತಗೊಳ್ಲಾ ಸಾರ್, ಅಲ್ಲಿ ಹೆಂಗೂ ಕಾರ್ಬನ್ ಡೈಆಕ್ಸೈಡ್ ಬೇರೆ ಮಾಡ್ತಾರಲ್ಲ?

ಹಳೇರಿಫಾರ್ಮರ್:
ಬೇಡ. ಟನ್ ಯೂರಿಯಾಗೆ ಮುಕ್ಕಾಲು ಟನ್ ಹತ್ರ ಅದೇ ಬೇಕು, ಹೂತಿಟ್ರೆ ಯೂರಿಯಾ ಎಲ್ಲಿಂದ ಮಾಡ್ತೀಯ? ಗದ್ದೆಗೆ ಎರಚಿದ್ಮೇಲೆ ಅದು ವಾಪಸ್ ಗಾಳಿಗೇ ಬೇರೆ. ರಿಫೈನರಿ ತಗೋ, ಅಲ್ಲಿ ಬೇಕಿರೋದು ಹೈಡ್ರೋಜನ್ ಅಷ್ಟೇ.