ಮಲಗುವ ಹೊತ್ತಿನ ಕಥೆಗಳಿಗೆ ನಮ್ಮ ಸೀಮೆಯ ಸಂಗತಿಗಳು ಬೇಕು

ಪ್ರಶ್ನೆ (ಮಂಡ್ಯದ ತಾಯಿ):
ನನ್ನ ಏಳು ವರ್ಷದ ಮಗಳಿಗೆ ರಾತ್ರಿ ಕಥೆ ಬೇಕೇ ಬೇಕು. ರಾಜಕುಮಾರಿಯರ ಕಥೆಗಳೆಲ್ಲ ಮುಗಿದಿವೆ. ಮನೆತನ, ಛಲ, ಪರಂಪರೆಗಳನ್ನು ಒಳಗೊಂಡಿದ್ದರೂ ಉಪದೇಶದಂತೆ ಕೇಳಿಸದ ಕಥೆಗಳನ್ನು ಕಟ್ಟುವುದು ಹೇಗೆಂದು ತಿಳಿದವರು ಹೇಳುವಿರಾ?

ಉತ್ತರ (ಮೈಸೂರಿನ ಅಜ್ಜಿ):
ಪಟ್ಟದ ಗೊಂಬೆಯಿಂದ ಆರಂಭಿಸಮ್ಮ. ನಮ್ಮ ಮನೆಯ ಜೋಡಿ ನನ್ನ ತಾಯಿಗೆ ಮದುವೆಯಲ್ಲಿ ತವರಿನಿಂದ ಬಂದದ್ದು. ರಾಣಿಗೆ ಪ್ರತಿ ನವರಾತ್ರಿಯೂ ಹೊಸ ಸೀರೆ ಉಡಿಸುತ್ತೇವೆ, ರಾಜನ ಮೂಗಿನ ತುದಿ ಮಾತ್ರ ಸವೆದಿದೆ. ಅದು ಸವೆದದ್ದು ಹೇಗೆಂದು ಮೊಮ್ಮಗ ಕೇಳಿದಾಗ ಮೂರು ತಲೆಮಾರಿನ ಕಥೆ ತಾನಾಗಿಯೇ ಬಿಚ್ಚಿಕೊಂಡಿತು. (ಅರ್ಧ ನಾನೇ ಸೇರಿಸಿದ್ದು, ಅವನಿಗೆ ಹೇಳಿಲ್ಲ.)

ಉತ್ತರ (ನಿವೃತ್ತ ಶಿಕ್ಷಕ, ಪಾಂಡವಪುರ):
ಛಲಕ್ಕೆ ಕನ್ನಂಬಾಡಿ ಕಟ್ಟೆಯ ಕಥೆಯಿದೆ. 1911ರಲ್ಲಿ ಆರಂಭವಾದ ಕೆಲಸ ಮುಗಿಯಲು ಸುಮಾರು ಎರಡು ದಶಕ ಹಿಡಿಯಿತು; ಸುಣ್ಣಕ್ಕೆ ಇಟ್ಟಿಗೆಪುಡಿ ಬೆರೆಸಿದ ಸುರ್ಕಿ ಗಾರೆಯಿಂದ ಕಲ್ಲು ಕೂಡಿಸಿದರು. ಆದರೆ ನಾಲ್ವಡಿಯವರ, ವಿಶ್ವೇಶ್ವರಯ್ಯನವರ ಹೆಸರಿಗೇ ಕಥೆಯನ್ನು ನಿಲ್ಲಿಸಬೇಡಿ. ಗಾರೆ ಹೊತ್ತ ಹೆಣ್ಣುಮಗಳನ್ನೂ, ಊರು ಮುಳುಗುವ ಮುನ್ನ ಒರಳುಕಲ್ಲನ್ನು ಗಾಡಿಗೆ ಹೇರಿಕೊಂಡು ಹೊರಟ ಕುಟುಂಬವನ್ನೂ ಕಲ್ಪಿಸಿಕೊಳ್ಳಿ. ಹಿನ್ನೀರಿನಲ್ಲಿ ಮುಳುಗಿದ್ದ ವೇಣುಗೋಪಾಲಸ್ವಾಮಿ ಗುಡಿಯ ಕಲ್ಲುಗಳನ್ನು ಬಿಚ್ಚಿ ತಂದು ಹೊಸ ಕನ್ನಂಬಾಡಿಯಲ್ಲಿ ಮತ್ತೆ ನಿಲ್ಲಿಸಿದ್ದಾರೆ; ಮಗುವನ್ನು ಅಲ್ಲಿಗೆ ಕರೆದೊಯ್ದು ಕಲ್ಲು ಮುಟ್ಟಿಸಿ.

ಮಂಡ್ಯದ ತಾಯಿ:
ಇಬ್ಬರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಒರಳುಕಲ್ಲಿನ ಕಥೆ ಹೇಳಿದೆ, ಮೇಷ್ಟ್ರೇ. ಎತ್ತುಗಳ ಹೆಸರೇನೆಂದು ಕೇಳಿದಳು; ಇವತ್ತು ಸಂಜೆಯೊಳಗೆ ಹೆಸರು ಹುಡುಕಬೇಕಾಗಿದೆ.