ಐದನೇ ತಿಂಗಳು, ನಿದ್ದೆ ಇಲ್ಲ, ಸುಮ್ನೆ ಅಳು: ಮನೋವೈದ್ಯರ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಹೆಸರು ಹಾಕಬೇಡಿ ಎಂದಿದ್ದಾರೆ): ಡಾಕ್ಟರೇ, ನನಗೆ 29 ವರ್ಷ. ಈಗ ಐದನೇ ತಿಂಗಳು. ಹೋದ ವರ್ಷ ಮೂರನೇ ತಿಂಗಳಲ್ಲಿ ಒಂದು ಸಲ ಗರ್ಭ ಹೋಗಿಬಿಟ್ಟಿತು. ಈ ಸಲ ಸ್ಕ್ಯಾನ್ ಎಲ್ಲ ಸರಿಯಿದೆ ಅಂದಿದ್ದಾರೆ. ಆದರೂ ರಾತ್ರಿ ಐದಾರು ಸಲ ಎದ್ದು, ಬಾತ್‌ರೂಮಿಗೆ ಹೋಗಿ, ಬಟ್ಟೆಯಲ್ಲಿ ರಕ್ತ ಇದೆಯಾ ಅಂತ ಮೊಬೈಲ್ ಟಾರ್ಚ್ ಹಾಕಿ ನೋಡುತ್ತೇನೆ. ಅಮ್ಮ ಸೀಮಂತಕ್ಕೆ ಹಸಿರು ಸೀರೆ ತಂದಿಟ್ಟಿದ್ದಾರೆ. ಅದು ಕಣ್ಣಿಗೆ ಬಿದ್ದರೆ ಎದೆ ಡವಡವ ಅನ್ನುತ್ತದೆ. ಮೂರು ವಾರದಿಂದ ಬೆಳಿಗ್ಗೆ ಎದ್ದ ತಕ್ಷಣ ಅಳು. ಅತ್ತೆ 'ಬಸುರಿ ಅಳಬಾರದು, ಮಗುವಿಗೆ ಆಗಲ್ಲ' ಅಂತಾರೆ. ನಾನು ಅತ್ತು ಅತ್ತು ಮಗುವಿಗೆ ಏನಾದರೂ ಮಾಡುತ್ತಿದ್ದೀನಾ?

ಉತ್ತರ: ಇಲ್ಲಮ್ಮ. ಅತ್ತದ್ದಕ್ಕೆ ಮಗುವಿಗೆ ಏನೂ ಆಗುವುದಿಲ್ಲ. ಹೋದ ಸಲದ್ದೂ ನಿಮ್ಮ ತಪ್ಪಿನಿಂದ ಹೋದದ್ದಲ್ಲ. ಮೊದಲ ಮೂರು ತಿಂಗಳಲ್ಲಿ ಹೋಗುವ ಗರ್ಭಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ಕ್ರೋಮೋಸೋಮುಗಳಲ್ಲಿನ ದೋಷವೇ ಕಾರಣ. ಅದನ್ನು ನೀವು ತಡೆಯುವ ಹಾಗಿರಲಿಲ್ಲ.

ಅತ್ತೆ ಕಾಳಜಿಯಿಂದಲೇ ಹೇಳಿರಬಹುದು. ಆದರೆ ನನ್ನ ಕ್ಲಿನಿಕ್ಕಿನಲ್ಲಿ ನಾನು ಕಂಡಂತೆ, ಈ 'ಅಳಬೇಡ' ಅನ್ನೋ ಮಾತು ಮಾಡುವಷ್ಟು ಹಾನಿಯನ್ನು ಅಳು ಮಾಡುವುದಿಲ್ಲ. ಮೊದಲೇ ಭಯ, ಅದರ ಮೇಲೆ ಭಯಪಟ್ಟೆನಲ್ಲ ಅನ್ನೋ ಭಯ. ಆಮೇಲೆ ಹೆಂಗಸರು ಯಾರ ಹತ್ತಿರವೂ ಬಾಯಿ ಬಿಡುವುದೇ ಇಲ್ಲ.

ಟಾರ್ಚ್ ವಿಷಯಕ್ಕೆ ಬರುತ್ತೇನೆ. ನೋಡಿದಾಗ ರಕ್ತ ಇಲ್ಲ, ಸಮಾಧಾನ. ಹಾಸಿಗೆಗೆ ಬಂದು ಐದು ನಿಮಿಷಕ್ಕೆ 'ಸರಿಯಾಗಿ ನೋಡಿದೆನಾ?' ಅಂತ ಶುರು. ಪ್ರತಿ ಸಲ ಎದ್ದು ನೋಡಿದಾಗಲೂ ಮನಸ್ಸು ಕಲಿಯುವ ಪಾಠ ಒಂದೇ: ನೋಡಿದ್ದಕ್ಕೇ ಬಚಾವಾದೆ. ಹಾಗಾಗಿ ಭಯ ಇಳಿಯುವ ಬದಲು ಏರುತ್ತದೆ. ಒಮ್ಮೆಲೇ ನಿಲ್ಲಿಸಲು ಹೋಗಬೇಡಿ, ಆಗುವುದಿಲ್ಲ. ಎದ್ದು ನೋಡಬೇಕು ಅನ್ನಿಸಿದಾಗ ಹತ್ತು ನಿಮಿಷ ತಡೆಯಿರಿ. ನಾಲ್ಕು ದಿನ ಬಿಟ್ಟು ಇಪ್ಪತ್ತು ನಿಮಿಷ. ಮೂತ್ರಕ್ಕೆ ಎದ್ದಾಗ ಹೇಗೂ ಹೋಗುತ್ತೀರಿ, ಲೈಟ್ ಹಾಕಿದರೆ ಸಾಕು. ಮೊಬೈಲು ಹೊರಗಿನ ಕೋಣೆಯಲ್ಲೇ ಇರಲಿ. ನಿಜವಾಗಿ ರಕ್ತ ಕಂಡರೆ ಅಥವಾ ಹೊಟ್ಟೆ ಹಿಂಡಿದಂತೆ ನೋವು ಬಂದರೆ ಯೋಚನೆ ಮಾಡುತ್ತಾ ಕೂರದೆ ಆಸ್ಪತ್ರೆಗೆ ಹೋಗಿ.

ಆದರೂ ನಿಮ್ಮ ಅಳುವನ್ನು 'ಬಸುರಿನಲ್ಲಿ ಇದೆಲ್ಲ ಇದ್ದದ್ದೇ' ಎಂದು ನಾನು ಬಿಡುವುದಿಲ್ಲ. ಎರಡು ವಾರ ದಾಟಿದೆ, ನಿದ್ದೆ ಹೋಗಿದೆ. ಇದನ್ನು ತೋರಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ನಮ್ಮಂಥ ದೇಶಗಳ ನೂರು ಗರ್ಭಿಣಿಯರಲ್ಲಿ ಸುಮಾರು 15 ಜನರಿಗೆ ಮಾನಸಿಕ ತೊಂದರೆ ಇರುತ್ತದೆ, ಅದರಲ್ಲಿ ಖಿನ್ನತೆಯೇ ಜಾಸ್ತಿ. ಹೋದಾಗ ಎಡಿನ್‌ಬರೋ ಪ್ರಶ್ನಾವಳಿ ಅಂತ 10 ಪ್ರಶ್ನೆ ಕೇಳಬಹುದು, ಕಳೆದ 7 ದಿನ ಹೇಗಿದ್ದಿರಿ ಎಂದು. 1987ರಲ್ಲಿ ಬಾಣಂತಿಯರಿಗೆಂದು ಮಾಡಿದ್ದು, ಈಗ ಬಸುರಿಯರಿಗೂ ಬಳಸುತ್ತಾರೆ. ಹತ್ತನೆಯದು ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಮುಚ್ಚಿಡಬೇಡಿ. ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಕೂಡ ನೋಡಿಸಿ. ರಕ್ತ 11ಕ್ಕಿಂತ ಕಡಿಮೆ ಇದ್ದರೂ ಸುಸ್ತು, ಬೇಸರ ಎಲ್ಲ ಬರುತ್ತದೆ.

ಎಲ್ಲಿಗೆ ಹೋಗುವುದು? ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ನಿಮ್ಮ ತಾಲ್ಲೂಕಿನ ಸರದಿ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ನಡುರಾತ್ರಿ ತಡೆಯಲಾಗದಿದ್ದರೆ 14416, ಟೆಲಿ ಮಾನಸ್. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಇನ್ನೊಬ್ಬರು: ನಾನು ಆತಂಕಕ್ಕೆ ಮಾತ್ರೆ ತಗೊಳ್ಳುತ್ತಿದ್ದೆ. ಟೆಸ್ಟಿನಲ್ಲಿ ಎರಡು ಗೆರೆ ಬಂದ ದಿನವೇ ಡಬ್ಬಿ ಎಸೆದೆ. ಈಗ ತಲೆಸುತ್ತು, ಸಿಡಿಮಿಡಿ.

ಉತ್ತರ: ಬರೆದುಕೊಟ್ಟ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ. ಎಲ್ಲ ಮಾತ್ರೆಯೂ ಒಂದೇ ಅಲ್ಲ. ಸರ್ಟ್ರಾಲಿನ್‌ನಂಥವನ್ನು ಬಸುರಿನಲ್ಲೂ ಕೊಡುತ್ತೇವೆ. ಫಿಟ್ಸ್, ಬೈಪೋಲಾರ್ ಕಾಯಿಲೆಗೆ ಕೊಡುವ ವಾಲ್‌ಪ್ರೊಯೇಟ್ ಬೇರೆ ಕಥೆ, ಅದರಿಂದ ಮಗುವಿನ ಬೆನ್ನುಹುರಿಗೆ ತೊಂದರೆಯಾಗಬಹುದು, ಬದಲಿಸಲೇಬೇಕು. ಯಾವುದನ್ನು ಬಿಡಬೇಕು, ಯಾವುದನ್ನು ಬದಲಿಸಬೇಕು ಅಂತ ವೈದ್ಯರು ಹೇಳಲಿ. ದಿಢೀರನೆ ಬಿಟ್ಟರೆ ಹೀಗೇ ತಲೆಸುತ್ತು ಬರಬಹುದು, ಹಳೆಯ ಕಾಯಿಲೆಯೂ ಮರಳಬಹುದು.

ಒಬ್ಬ ಗಂಡ: ನನ್ನ ಹೆಂಡತಿಗೂ ಹೀಗೇ. 'ಯೋಚನೆ ಮಾಡಬೇಡ' ಅಂತ ಹೇಳಿ ಹೇಳಿ ಸಾಕಾಗಿದೆ.

ಉತ್ತರ: ಅವರಿಗೂ ಕೇಳಿ ಸಾಕಾಗಿರುತ್ತದೆ, ಅಲ್ವಾ? ಹೇಳುವುದು ಬಿಟ್ಟು ಕೇಳಿ. ಚೆಕಪ್ಪಿಗೆ ಜೊತೆಗೆ ಹೋಗಿ, ಹೊರಗೆ ಬೈಕಿನ ಮೇಲೆ ಕೂರಬೇಡಿ. ಸಂಜೆ ಪಾತ್ರೆ ನೀವು ತೊಳೆಯಿರಿ, ಆಮೇಲೆ ಇಬ್ಬರೂ ಅರ್ಧ ಗಂಟೆ ನಡೆಯಿರಿ. 'ಗಂಡು ಮಗುವೇ ಆಗಲಿ' ಅನ್ನುವ ನೆಂಟರ ಬಾಯಿ ಮುಚ್ಚಿಸುವುದೂ ನಿಮ್ಮದೇ ಕೆಲಸ. 'ಸಾಯಬೇಕು ಅನ್ನಿಸುತ್ತದಾ?' ಎಂದು ನೇರವಾಗಿ ಕೇಳಿದರೆ ಹೊಸದಾಗಿ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ಅವತ್ತೇ ಕರೆದುಕೊಂಡು ಹೋಗಿ.

ಎಂಟನೇ ತಿಂಗಳಿನವರು: ನಮ್ಮ ಅಕ್ಕನಿಗೆ ಹೆರಿಗೆಯಾದ ಐದನೇ ದಿನ ಬಾಣಂತಿ ಸನ್ನಿ ಬಂದಿತ್ತು. ನನಗೂ ಬರುತ್ತದಾ?

ಉತ್ತರ: ಸಾವಿರ ಹೆರಿಗೆಯಲ್ಲಿ ಒಂದೆರಡರಲ್ಲಿ ಬರುತ್ತದೆ. ಅಕ್ಕನಿಗೆ ಬಂದಿದ್ದರಿಂದ ನಿಮಗೆ ಅಪಾಯ ಜಾಸ್ತಿ, ಆದರೂ ಬಾರದಿರುವ ಸಾಧ್ಯತೆಯೇ ಹೆಚ್ಚು. ಹೆರಿಗೆ ಡಾಕ್ಟರಿಗೆ ಈಗಲೇ ಹೇಳಿಬಿಡಿ. ತವರಿನಲ್ಲಿ ರಾತ್ರಿ ಮಗು ನೋಡಿಕೊಳ್ಳಲು ಪಾಳಿ ಮಾಡಿಕೊಳ್ಳಿ, ನಿಮ್ಮ ನಿದ್ದೆ ಕೆಡಬಾರದು. ಮೂರನೇ, ನಾಲ್ಕನೇ ದಿನ ಸುಮ್ನೆ ಅಳು ಬಂದರೆ ಹೆದರಬೇಡಿ, ಎರಡು ವಾರದೊಳಗೆ ಹೋಗುತ್ತದೆ. ನಿದ್ದೆಯೇ ಬಾರದೆ ಮಾತು ಹೆಚ್ಚಾದರೆ, ಮನೆಯವರ ಮೇಲೆ ಅನುಮಾನ ಶುರುವಾದರೆ, ಯಾರೋ ಮಾತಾಡಿದಂತೆ ಕೇಳಿಸಿದರೆ ತಾಯತ ಆಮೇಲೆ ಕಟ್ಟಿಸಿ, ಮೊದಲು ಆಸ್ಪತ್ರೆ. ಅದೂ ಅವತ್ತೇ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ-ಮಗು ವಾರ್ಡ್ ಇದೆ, ಇಬ್ಬರನ್ನೂ ಒಟ್ಟಿಗೇ ಸೇರಿಸಿಕೊಳ್ಳುತ್ತಾರೆ. ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯ ಹೊತ್ತಿನಲ್ಲಿ ತಾಯಿಯಿಂದ ಸುಮ್ಮಸುಮ್ಮನೆ ಬೇರೆ ಮಾಡುವಂತಿಲ್ಲ ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಹೇಳುತ್ತದೆ.

ಮೊದಲು ಕೇಳಿದವರು: ನಿನ್ನೆ ರಾತ್ರಿ ಮೂರು ಸಲ ಎದ್ದೆ, ಟಾರ್ಚ್ ಇಲ್ಲದೆ. ಮಂಗಳವಾರ ಯಜಮಾನರೂ ಬರುತ್ತಾರೆ. ಏನೇನು ತಗೊಂಡು ಹೋಗಲಿ?

ಉತ್ತರ: ತಾಯಿ ಕಾರ್ಡ್, ಸ್ಕ್ಯಾನ್, ರಕ್ತದ ರಿಪೋರ್ಟು, ತಗೊಳ್ಳುತ್ತಿರುವ ಮಾತ್ರೆಗಳ ಚೀಟಿ. ತಿಂಡಿ ತಿಂದೇ ಹೋಗಿ, ಸಾಲು ಉದ್ದ ಇರುತ್ತದೆ.